ದಂಡೆಯ ಮೇಲೆ ಮೂರು ರಾತ್ರಿ: ಡೇರೆಗೆ ಎಷ್ಟು, ಆರ್‌ವಿಗೆ ಎಷ್ಟು?

ಲೇಕ್ ಟಾಹೋದ ಆಗ್ನೇಯ ದಂಡೆಯಲ್ಲಿ, ನೆವಾಡಾ ರಾಜ್ಯದ ಬದಿಗೆ, ನೆವಾಡಾ ಬೀಚ್ ಎಂಬ ಕ್ಯಾಂಪ್‌ಗ್ರೌಂಡ್ ಇದೆ. ಅಮೆರಿಕದ ಅರಣ್ಯ ಇಲಾಖೆಗೆ ಸೇರಿದ ಈ ಜಾಗದಲ್ಲಿರುವುದು 54 ಸೈಟು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಶಾಲೆಗಳಿಗೆ ಜೂನ್ ಆರಂಭದಿಂದ ಆಗಸ್ಟ್ ನಡುವಿನವರೆಗೆ ರಜೆ. ಅಷ್ಟರಲ್ಲಿ ಸುಮಾರು ಹತ್ತು ವಾರಾಂತ್ಯ ಸಿಗುತ್ತವೆ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಎಣಿಸಿದರೆ 20. 54 ಸೈಟು, 20 ರಾತ್ರಿ: ಒಟ್ಟು 1,080 ಅವಕಾಶ. ಬೇ ಏರಿಯಾದ ಜನಸಂಖ್ಯೆಯೇ 75 ಲಕ್ಷ ದಾಟುತ್ತದೆ. ಸ್ಯಾಕ್ರಮೆಂಟೊ, ರೀನೋ ಕಡೆಯವರನ್ನು ಇನ್ನೂ ಸೇರಿಸಿಲ್ಲ.

ಇಷ್ಟು ಕಡಿಮೆ ಜಾಗಕ್ಕೆ ಇಷ್ಟು ಜನ ಮುಗಿಬಿದ್ದಾಗ ಆಗುವುದೇನೆಂದರೆ, ಸಿಕ್ಕಿದ ಸೈಟನ್ನು ಜನ ಹಿಂದೆಮುಂದೆ ನೋಡದೆ ಹಿಡಿದುಬಿಡುತ್ತಾರೆ. ಬಾಡಿಗೆಗೆ ತಂದ ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ, ಆ ಸೈಟಿನೊಳಗೆ ಹಿಡಿಸುವುದಿಲ್ಲ, ನೀರು ಅರ್ಧ ಮೈಲಿ ಆಚೆಗಿದೆ, ರಾತ್ರಿ ಹೀಟರ್ ಓಡಿಸಲು ಕರೆಂಟಿಲ್ಲ ಎಂಬುದೆಲ್ಲ ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ. ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್ ಕಡೆಯ ಕನ್ನಡ ಕುಟುಂಬಗಳಲ್ಲಿ ಬೇಸಿಗೆಯ ಈ ಪ್ರಯಾಣಕ್ಕೆ ಮಕ್ಕಳ ಜೊತೆ ಊರಿನಿಂದ ಬಂದ ಅಪ್ಪ ಅಮ್ಮನೂ ಇರುತ್ತಾರೆ. ಅವರೆಲ್ಲರ ಸುಖ ಕೆಲವು ಸಂಖ್ಯೆಗಳ ಮೇಲೆ ನಿಂತಿದೆ. ಆ ಸಂಖ್ಯೆಗಳನ್ನು ಒಂದೊಂದಾಗಿ ನೋಡೋಣ.

ಮೂರು ರಾತ್ರಿಯ ಖರ್ಚು

ಲೆಕ್ಕಕ್ಕೆ ಒಂದು ಮಾದರಿ ಬೇಕು. ಫ್ರೀಮಾಂಟಿನಿಂದ ಹೊರಡುವ ನಾಲ್ವರ ಕುಟುಂಬ, ಸೌತ್ ಲೇಕ್ ಟಾಹೋ ಆಸುಪಾಸಿನಲ್ಲಿ ಮೂರು ರಾತ್ರಿ. ಒಂದು ಕಡೆಗೆ ಸುಮಾರು 200 ಮೈಲಿ. ಅಲ್ಲಿನ ಓಡಾಟವೂ ಸೇರಿ ಒಟ್ಟು 450 ಮೈಲಿ ಎಂದಿಟ್ಟುಕೊಳ್ಳೋಣ. ಮುಂದೆ ಹೇಳುವ ದರಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮಗೆ ಸಿಕ್ಕ ದರವನ್ನು ಆ ಜಾಗದಲ್ಲಿ ಹಾಕಿ ನೋಡಿದರೆ ನಿಮ್ಮ ಲೆಕ್ಕ ಬರುತ್ತದೆ. ಊಟದ ಸಾಮಾನು ಎರಡು ಬಗೆಯಲ್ಲೂ ಒಂದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಮೊದಲು ಡೇರೆ. ಸೈಟಿಗೆ ರಾತ್ರಿಗೆ 40 ಡಾಲರಿನಂತೆ 120, ಬುಕಿಂಗ್ ಶುಲ್ಕ 8, ಒಟ್ಟು 128. ಮಿನಿವ್ಯಾನ್ ಗ್ಯಾಲನ್ನಿಗೆ 25 ಮೈಲಿ ಓಡಿದರೆ 18 ಗ್ಯಾಲನ್ ಪೆಟ್ರೋಲು, ಗ್ಯಾಲನ್ನಿಗೆ 4.75 ಡಾಲರಿನಂತೆ 86. ದಿನಕ್ಕೆ ಎರಡು ಕಟ್ಟು ಸೌದೆ, ಕಟ್ಟಿಗೆ 10 ಡಾಲರಿನಂತೆ 60. ಒಲೆಗೆ ಮೂರು ಪ್ರೊಪೇನ್ ಡಬ್ಬಿ 24, ಐಸ್ 15. ಎಲ್ಲ ಕೂಡಿ 313 ಡಾಲರ್. ತಲೆಗೆ ಒಂದು ರಾತ್ರಿಗೆ 26.

ಸಲಕರಣೆ ಇಲ್ಲದವರು ಮೊದಲ ಸಲ ಕೊಳ್ಳಬೇಕು. ಆರು ಜನರ ಡೇರೆ 200, ನಾಲ್ಕು ಸ್ಲೀಪಿಂಗ್ ಬ್ಯಾಗ್ 240, ನಾಲ್ಕು ಹಾಸು 160, ಒಲೆ 80, ಲಾಟೀನು 40, ಐಸ್ ಪೆಟ್ಟಿಗೆ 60: ಒಟ್ಟು 780. ಇದನ್ನು ಆರು ಪ್ರಯಾಣಕ್ಕೆ ಹಂಚಿದರೆ ಒಂದಕ್ಕೆ 130. ಅದನ್ನೂ ಸೇರಿಸಿದರೆ ಮೂರು ರಾತ್ರಿಯ ನಿಜವಾದ ಖರ್ಚು 443 ಡಾಲರ್, ತಲೆಗೆ ರಾತ್ರಿಗೆ 37. ಡೇರೆಯ ಮೇಲೆ ಬರೆದ ಸಂಖ್ಯೆಯನ್ನು ಮಾತ್ರ ಹಾಗೇ ನಂಬಬೇಡಿ. 'ಆರು ಜನರಿಗೆ' ಎಂದರೆ ಸಾಮಾನ್ಯವಾಗಿ ಹತ್ತು ಅಡಿಗೆ ಹತ್ತು ಅಡಿ ನೆಲ, ಆರು ಜನ ಮೈಗೆ ಮೈ ತಾಗಿಸಿ ಮಲಗಿದರೆ ಸಾಲುವಷ್ಟು. ನಾಲ್ವರು ಮತ್ತು ಅವರ ಚೀಲಗಳಿಗೆ ಅದು ಸರಿಯಾದ ಅಳತೆ.

ಇನ್ನು ಬಾಡಿಗೆ ಆರ್‌ವಿ. 25 ಅಡಿಯ ಗಾಡಿಗೆ ರಾತ್ರಿಗೆ 200ರಂತೆ 600. ಮೈಲಿಗೆ 40 ಸೆಂಟಿನಂತೆ 450 ಮೈಲಿಗೆ 180. ವಿಮೆ ದಿನಕ್ಕೆ 30ರಂತೆ 90. ಪಾತ್ರೆ, ಹಾಸಿಗೆ, ಸ್ವಚ್ಛತೆಯ ಹೆಸರಿನಲ್ಲಿ ಹಾಕುವ ಶುಲ್ಕ 100. ಇಂಥ ಗಾಡಿ ಗ್ಯಾಲನ್ನಿಗೆ 9 ಮೈಲಿ ಓಡಿದರೆ ಪುಣ್ಯ. 50 ಗ್ಯಾಲನ್ನಿಗೆ 238. ಸೈಟು ಮೊದಲಿನಂತೆಯೇ 128. ಜನರೇಟರ್ ದಿನಕ್ಕೆ ಮೂರು ಗಂಟೆ, ಗಂಟೆಗೆ 4ರಂತೆ 36. ಸೌದೆ 60. ಒಟ್ಟು 1,432 ಡಾಲರ್, ತಲೆಗೆ ರಾತ್ರಿಗೆ 119. ಸಲಕರಣೆ ಸೇರಿಸಿದ ಡೇರೆಯ ಖರ್ಚಿಗಿಂತ ಇದು ಮೂರು ಪಟ್ಟಿಗೂ ಮಿಗಿಲು. ಅಜ್ಜ ಅಜ್ಜಿ ಸೇರಿ ಆರು ಜನ ಅದೇ ಗಾಡಿಯಲ್ಲಿ ಹೋದರೆ ತಲೆಗೆ 80ಕ್ಕೆ ಇಳಿಯುತ್ತದೆ.

ಡೇರೆಯವರ 313 ಡಾಲರಿನಲ್ಲಿ ಸೈಟಿನ ಪಾಲು ಶೇ. 41. ಆರ್‌ವಿಯವರ 1,432ರಲ್ಲಿ ಅದೇ ಸೈಟಿನ ಪಾಲು ಶೇ. 9. ಇಡೀ ಲೆಕ್ಕದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ಡೇರೆ ಹಾಕುವವರು ಅಗ್ಗದ ಸೈಟು ಹುಡುಕುವುದರಲ್ಲಿ ಅರ್ಥವಿದೆ. ಆರ್‌ವಿಯವರು ಸೈಟಿನಲ್ಲಿ 20 ಡಾಲರ್ ಉಳಿಸಲು ಹೋಗಿ ನೀರು, ಕರೆಂಟು ಇಲ್ಲದ ಜಾಗ ಹಿಡಿದರೆ ದಿನಕ್ಕೆ 200 ಡಾಲರ್ ಕೊಟ್ಟು ತಂದ ಸೌಕರ್ಯವನ್ನೇ ಅರ್ಧ ಕಳೆದುಕೊಳ್ಳುತ್ತಾರೆ. ಅವರು ಉಳಿಸಬೇಕಾದದ್ದು ಮೈಲಿಗಳನ್ನು. ಮೇಲಿನ ಪಟ್ಟಿಯಲ್ಲಿ ಮೈಲಿ ಶುಲ್ಕ ಮತ್ತು ಪೆಟ್ರೋಲು ಎರಡೇ 418 ಡಾಲರ್ ನುಂಗಿವೆ. ಲಿವರ್‌ಮೋರ್ ಹತ್ತಿರದ ಡೆಲ್ ವ್ಯಾಲೆ ಸರೋವರಕ್ಕೆ ಹೋದರೆ ಎಲ್ಲ ಸೇರಿ 100 ಮೈಲಿಯೊಳಗೆ ಮುಗಿಯುತ್ತದೆ. ಉಳಿದ ದರಗಳನ್ನು ಹಾಗೇ ಇಟ್ಟರೆ ಒಟ್ಟು 1,107 ಡಾಲರ್, ಅಂದರೆ 325 ಉಳಿತಾಯ.

ಗಾಡಿಯ ಉದ್ದ, ಸೈಟಿನ ಉದ್ದ

ಟಾಹೋದ ಪಶ್ಚಿಮ ದಂಡೆಯ ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್ ನೋಡಲು ಅಪರೂಪದ ಜಾಗ. ಅದರ ಕೆಲವು ಸೈಟುಗಳಿಂದ ಮರಳಿನ ದಂಡೆಗೆ ಬರಿಗಾಲಲ್ಲಿ ನಡೆದು ಹೋಗಬಹುದು. ಆದರೆ ಅಲ್ಲಿ ಮೋಟರ್ ಇರುವ ಆರ್‌ವಿಗೆ 18 ಅಡಿ, ಎಳೆದು ತರುವ ಟ್ರೈಲರಿಗೆ 15 ಅಡಿ ಮಿತಿ. ಬಾಡಿಗೆಗೆ ಸಿಗುವ ಕ್ಲಾಸ್ ಸಿ ಗಾಡಿಗಳಲ್ಲಿ ಚಿಕ್ಕದೇ ಸುಮಾರು 19-20 ಅಡಿ. ಕುಟುಂಬಗಳು ತೆಗೆದುಕೊಳ್ಳುವುದು 25ರದ್ದು, 30ರದ್ದು. ಹಾಗಾಗಿ ಬ್ಲಿಸ್ ಡೇರೆಯವರ ಜಾಗ, ಇಲ್ಲವೇ ಗಿಡ್ಡ ಕ್ಯಾಂಪರ್ ವ್ಯಾನಿನವರ ಜಾಗ. ಅದರ ಪಕ್ಕದ ಎಮರಾಲ್ಡ್ ಬೇ ಸುತ್ತ ಹೆದ್ದಾರಿ 89 ಹಾವಿನಂತೆ ತಿರುಗುತ್ತದೆ, ಒಂದು ಬದಿ ಪ್ರಪಾತ. ಮೊದಲ ಸಲ ಆರ್‌ವಿ ಹಿಡಿದವರು ಅಭ್ಯಾಸ ಮಾಡುವ ರಸ್ತೆ ಅದಲ್ಲ.

ಲೈಸೆನ್ಸಿನ ಚಿಂತೆ ಮಾತ್ರ ಬೇಡ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಆರ್‌ವಿಯನ್ನು ಕಾರಿನ ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸಿನಲ್ಲೇ ಓಡಿಸಬಹುದು. ಕಾನೂನು ಬಿಡುತ್ತದೆ ಎಂದು ಘಟ್ಟ ಬಿಡುವುದಿಲ್ಲ: ಹೆದ್ದಾರಿ 50ರಲ್ಲಿ ಎಕೋ ಸಮಿಟ್ 7,382 ಅಡಿ ಎತ್ತರಕ್ಕಿದೆ. ಅಲ್ಲಿಂದ ಟಾಹೋ ಮಟ್ಟಕ್ಕೆ ಇಳಿಯಲು ಸಾವಿರ ಅಡಿಗೂ ಹೆಚ್ಚಿನ ಇಳಿಜಾರು, ಅದೂ ಕೆಲವೇ ಮೈಲಿಗಳಲ್ಲಿ. ಬ್ರೇಕು ತುಳಿದೇ ಇಳಿದರೆ ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯಬೇಕು.

ಸೈಟಿನ ವಿವರದಲ್ಲಿ 25 ಅಡಿ ಎಂದಿದ್ದರೆ ಅದು ಬಂಪರಿನಿಂದ ಬಂಪರಿಗೆ. ಹಿಂದೆ ಸೈಕಲ್ ಕಟ್ಟುವ ಕಂಬಿ ಇದ್ದರೆ ಅದರ ಮೂರಡಿಯನ್ನೂ ಗಾಡಿಯ ಉದ್ದಕ್ಕೆ ಸೇರಿಸಿಕೊಳ್ಳಿ.

ಎಷ್ಟು ನೀರು, ಎಷ್ಟು ಕರೆಂಟು

ನೆವಾಡಾ ಬೀಚ್, 200ಕ್ಕೂ ಹೆಚ್ಚು ಸೈಟುಗಳಿರುವ ಫಾಲನ್ ಲೀಫ್, ಡಿ.ಎಲ್. ಬ್ಲಿಸ್ ಇವುಗಳಲ್ಲಿ ಹುಕ್‌ಅಪ್ ಇಲ್ಲ. ಅಂದರೆ ನಿಮ್ಮ ಸೈಟಿನಲ್ಲಿ ಕರೆಂಟಿನ ಪ್ಲಗ್ಗು, ನೀರಿನ ಪೈಪು, ಕೊಳಚೆ ಬಿಡುವ ಕೊಳವೆ ಯಾವುದೂ ಇರುವುದಿಲ್ಲ. ಡೇರೆಯವರಿಗೆ ಇದರಿಂದ ತೊಂದರೆಯಿಲ್ಲ, ಹಂಚಿಕೊಳ್ಳುವ ನಲ್ಲಿ ಇದ್ದೇ ಇರುತ್ತದೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್, ಪಾತ್ರೆ ತೊಳೆಯಲು, ಕೈಕಾಲಿಗೆ ಇನ್ನೊಂದು 20 ಲೀಟರ್ ಹಿಡಿದರೆ ನಾಲ್ವರಿಗೆ 36 ಲೀಟರ್. ಇಪ್ಪತ್ತು ಲೀಟರಿನ ಎರಡು ಕ್ಯಾನು ಸಾಕು.

ಆರ್‌ವಿಯವರ ಲೆಕ್ಕ ಬೇರೆ. 25 ಅಡಿ ಗಾಡಿಯ ಶುದ್ಧ ನೀರಿನ ಟ್ಯಾಂಕು 40 ಗ್ಯಾಲನ್ ಎಂದುಕೊಳ್ಳೋಣ, ಅಂದರೆ 150 ಲೀಟರ್. ತಲೆಗೆ ದಿನಕ್ಕೆ 5 ಗ್ಯಾಲನ್ನಿನಂತೆ ಬಿಗಿಹಿಡಿದು ಬಳಸಿದರೂ ನಾಲ್ವರಿಗೆ 20. ಎರಡು ದಿನಕ್ಕೆ ಟ್ಯಾಂಕು ಬರಿದು. ಆರು ಜನರಿದ್ದರೆ ಒಂದೂಕಾಲು ದಿನಕ್ಕಿಂತ ತುಸು ಹೆಚ್ಚು. ಅದಕ್ಕೂ ಮೊದಲು ತುಂಬಿಕೊಳ್ಳುವುದು ಬಚ್ಚಲ ನೀರಿನ 30 ಗ್ಯಾಲನ್ ಟ್ಯಾಂಕು. ಹಂಡೆಯ ನೀರಿನಲ್ಲಿ ಚೊಂಬು ಚೊಂಬಾಗಿ ಸ್ನಾನ ಮಾಡಿ ಬೆಳೆದವರಿಗೆ ಇದರಲ್ಲಿ ಪಳಗುವುದು ಕಷ್ಟವೇನಲ್ಲ. ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲುವ ಹದಿಹರೆಯದವರಿಗೆ ಮೊದಲೇ ಹೇಳಿಡಬೇಕು. ಮೂರು ರಾತ್ರಿಗೆ ಹುಕ್‌ಅಪ್ ಇಲ್ಲದ ಸೈಟು ಹಿಡಿಯುವುದಾದರೆ ಕೊಳಚೆ ನೀರು ಬಿಡುವ ಡಂಪ್ ಸ್ಟೇಷನ್ ಎಲ್ಲಿದೆ, ಅಲ್ಲಿಗೆ ಎಷ್ಟು ಮೈಲಿ, ಶುಲ್ಕ ಎಷ್ಟು ಎಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಕರೆಂಟು ಇನ್ನೂ ಸೂಕ್ಷ್ಮ. ಗಾಡಿಯ ಮನೆ-ಬ್ಯಾಟರಿ 100 ಆಂಪಿಯರ್-ಗಂಟೆಯದಾದರೆ, ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅದರ ಅರ್ಧ. ಅಂದರೆ 50, ವ್ಯಾಟಿನಲ್ಲಿ ಹೇಳಿದರೆ 600 ವ್ಯಾಟ್-ಗಂಟೆ. ಹೀಟರ್ ಉರಿಯುವುದು ಗ್ಯಾಸಿನಲ್ಲೇ ಆದರೂ ಬಿಸಿಗಾಳಿ ನೂಕುವ ಫ್ಯಾನಿಗೆ ಸುಮಾರು 7 ಆಂಪಿಯರ್ ಬೇಕು. ರಾತ್ರಿ 9 ಗಂಟೆಯಲ್ಲಿ ಅದು ಅರ್ಧ ಹೊತ್ತು ಓಡಿದರೆ 31.5. ದೀಪ, ನೀರಿನ ಪಂಪು, ಫ್ರಿಜ್ಜಿನ ನಿಯಂತ್ರಣ ಸೇರಿ 10. ಒಟ್ಟು 41.5, ಐವತ್ತರೊಳಗೆ ಹೇಗೋ ಮುಗಿಯಿತು. ಈಗ ಮನೆಯ ಹಿರಿಯರೊಬ್ಬರಿಗೆ ನಿದ್ರೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬೇಕು ಎನ್ನಿ. ತೇವದ ಬಿಸಿ ಬಂದ್ ಮಾಡಿದರೂ 30ರಿಂದ 60 ವ್ಯಾಟು, ಎಂಟು ಗಂಟೆಗೆ 20ರಿಂದ 40 ಆಂಪಿಯರ್-ಗಂಟೆ. ಬೆಳಗಾಗುವ ಮೊದಲೇ ಬ್ಯಾಟರಿ ಕೈಕೊಡುತ್ತದೆ. ಆ ಹೊತ್ತಿಗೆ ಜನರೇಟರ್ ಹಾಕಲು ಸಾಧ್ಯವಿಲ್ಲ, ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅದಕ್ಕೆ ಅನುಮತಿ. ಇಂಥ ಮನೆಗೆ ಕರೆಂಟಿರುವ ಸೈಟೇ ಬೇಕು. ದಂಡೆಯ ನೋಟ ಎಷ್ಟೇ ಚೆನ್ನಾಗಿದ್ದರೂ ಉಳಿದದ್ದೆಲ್ಲ ಆಮೇಲೆ.

ಕರೆಂಟಿರುವ ಸೈಟಿನಲ್ಲೂ ಮಿತಿ ಇದೆ. 30 ಆಂಪಿಯರ್ ಪ್ಲಗ್ಗು 120 ವೋಲ್ಟಿನಲ್ಲಿ ಕೊಡುವುದು 3,600 ವ್ಯಾಟು. ಛಾವಣಿಯ ಏಸಿ ಸುಮಾರು 1,500 ವ್ಯಾಟು ಎಳೆಯುತ್ತದೆ. ಮನೆಯಿಂದ ತಂದ ಇಂಡಕ್ಷನ್ ಒಲೆ 1,800. ಎರಡೂ ಕೂಡಿ 3,300. ಆ ಹೊತ್ತಿಗೆ ಯಾರಾದರೂ ಕಾಫಿಗೆಂದು 1,500 ವ್ಯಾಟಿನ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ. 50 ಆಂಪಿಯರಿನ ಪ್ಲಗ್ಗಿನಲ್ಲಿ 12,000 ವ್ಯಾಟು ಸಿಗುತ್ತದೆ, ಅಲ್ಲಿ ಈ ತಾಪತ್ರಯವಿಲ್ಲ. ಆದರೆ ಗಾಡಿಯೂ ಐವತ್ತರದ್ದಾಗಿರಬೇಕು.

1,897 ಮೀಟರ್ ಎತ್ತರದ ಅಡುಗೆ

ಟಾಹೋದ ನೀರಿನ ಮಟ್ಟ ಸಮುದ್ರದಿಂದ 1,897 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಈ ಸರೋವರದ ದಂಡೆಯಲ್ಲಿ ಡೇರೆ ಹಾಕುವುದು ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರ ಹತ್ತಿರ ಮಲಗಿದಂತೆ. ಜುಲೈ ಮಧ್ಯಾಹ್ನ 26 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆದರೆ ಅದೇ ದಿನ ಬೆಳಗಿನ ಜಾವ 4-5 ಡಿಗ್ರಿ. ಬೇ ಏರಿಯಾದ ಬಿಸಿಲಿಗೆ ಹೊಂದಿಕೊಂಡು ಕಾಟನ್ ಬಟ್ಟೆ ಕಟ್ಟಿಕೊಂಡು ಬಂದವರು ನಡುಗುವುದು ಇಲ್ಲಿಯೇ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಉಷ್ಣಾಂಶ ರಾತ್ರಿಯ ಅಂದಾಜು ಉಷ್ಣಾಂಶಕ್ಕಿಂತ ಐದಾರು ಡಿಗ್ರಿ ಕೆಳಗಿರಲಿ. ಸೊನ್ನೆ ಡಿಗ್ರಿಯದು ಕನಿಷ್ಠ, ಮೈನಸ್ 7ರದ್ದಾದರೆ ನೆಮ್ಮದಿ. ಮೈ ಕೆಳಗೆ ಹಾಕುವ ಹಾಸನ್ನು ಜನ ಕಡೆಗಣಿಸುತ್ತಾರೆ. ಚಳಿ ಅರ್ಧಕ್ಕರ್ಧ ಏರುವುದು ನೆಲದಿಂದಲೇ.

ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 80ರಷ್ಟು. ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಅದರಾಚೆ ಬಿಸಿಯಾಗುವುದೇ ಇಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರಿನೊಳಗೆ ಇದೇ ನೀರು ಸುಮಾರು 117 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಮೂರು ಲೀಟರಿನ ಕುಕ್ಕರೊಂದನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ, ಮನೆಯಲ್ಲಿ ಮೂರು ಕೂಗಿಗೆ ಇಳಿಸುತ್ತಿದ್ದರೆ ಇಲ್ಲಿ ನಾಲ್ಕು ಕೂಗಿಸಿ.

ಗ್ಯಾಸಿನ ಲೆಕ್ಕ ಸುಲಭ. ಹಸಿರು ಬಣ್ಣದ ಒಂದು ಪೌಂಡಿನ ಪ್ರೊಪೇನ್ ಡಬ್ಬಿಯಲ್ಲಿ 465 ಗ್ರಾಂ ಅನಿಲ, ಸುಮಾರು 21,000 ಬಿಟಿಯು ಶಾಖ. 10,000 ಬಿಟಿಯುವಿನ ಎರಡು ಬರ್ನರನ್ನೂ ಪೂರ್ತಿ ಉರಿಸಿದರೆ ಒಂದು ಗಂಟೆ. ಬೆಳಿಗ್ಗೆ ಕಾಫಿ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಎಂದರೆ ದಿನಕ್ಕೊಂದು ಡಬ್ಬಿ ಸರಿಹೋಗುತ್ತದೆ. ಮತ್ತೆ ಮತ್ತೆ ಹೋಗುವವರು 20 ಪೌಂಡಿನ ಸಿಲಿಂಡರು ಮತ್ತು ರಬ್ಬರ್ ಪೈಪು ಕೊಂಡರೆ ಇಂಥ 20 ಡಬ್ಬಿಯ ಗ್ಯಾಸು ಒಂದೇ ಸಲಕ್ಕೆ ತುಂಬಿಸಿಕೊಳ್ಳಬಹುದು. ಅದಕ್ಕೆ ಇನ್ನೊಂದು ಕಾರಣವೂ ಇದೆ: 2022ರಲ್ಲಿ ಆದ ಕಾನೂನಿನಂತೆ ಮರುತುಂಬಲಾಗದ ಈ ಸಣ್ಣ ಡಬ್ಬಿಗಳ ಮಾರಾಟ 2028ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ನಿಲ್ಲುತ್ತದೆ. ಚಳಿ ಎಂದು ಒಲೆಯನ್ನು ಡೇರೆಯೊಳಗೆ ಮಾತ್ರ ಎಂದೂ ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಟಾಹೋ ಸುತ್ತ ಕಪ್ಪು ಕರಡಿಗಳಿವೆ. ಪ್ರತಿ ಸೈಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ತಿನ್ನುವ ಸಾಮಾನಷ್ಟೇ ಅಲ್ಲ, ವಾಸನೆಯಿರುವ ಎಲ್ಲವೂ ಹೋಗಬೇಕು: ಒಗ್ಗರಣೆ ಡಬ್ಬಿ, ಉಪ್ಪಿನಕಾಯಿ, ತಲೆಗೆ ಹಚ್ಚುವ ತೆಂಗಿನೆಣ್ಣೆ, ಟೂತ್‌ಪೇಸ್ಟು, ಎಣ್ಣೆ ಅಂಟಿದ ಬಾಣಲೆ. ಕಾರಿನಲ್ಲಿಟ್ಟರೆ ಕಾರಿನ ಬಾಗಿಲು ಹೋಗುತ್ತದೆ.

'ದಂಡೆ' ಎಂದರೆ ನೀರಿಗೆ ಎಷ್ಟು ದೂರ?

ಫಾಲನ್ ಲೀಫ್ ಕ್ಯಾಂಪ್‌ಗ್ರೌಂಡಿನಿಂದ ಅದೇ ಹೆಸರಿನ ಸರೋವರಕ್ಕೆ ಕಾಲು ಮೈಲಿಯಷ್ಟು ನಡಿಗೆ. ಕೇಳಲು ಏನೂ ಅಲ್ಲ. ಮಕ್ಕಳೊಡನೆ ದಿನಕ್ಕೆ ಮೂರು ಸಲ ಹೋಗಿ ಬಂದರೆ ಒಂದೂವರೆ ಮೈಲಿ, ಅದೂ ಟವೆಲ್ಲು, ಟ್ಯೂಬು, ತಿಂಡಿಚೀಲ ಹೊತ್ತು. ಮೂರು ವರ್ಷದ ಮಗುವೋ ಮಂಡಿನೋವಿನ ಅಜ್ಜಿಯೋ ಇದ್ದರೆ ದಿನಕ್ಕೆ ಒಂದೇ ಸಲ ಆಗುತ್ತದೆ. ಬುಕಿಂಗ್ ಪುಟದ ನಕ್ಷೆಯಲ್ಲಿ ಸೈಟಿನಿಂದ ನೀರಿಗೂ, ಸೈಟಿನಿಂದ ಶೌಚಾಲಯಕ್ಕೂ ಇರುವ ದೂರವನ್ನು ಅಳೆದು ನೋಡಿ. ರಾತ್ರಿ ಎರಡು ಗಂಟೆಗೆ, 5 ಡಿಗ್ರಿ ಚಳಿಯಲ್ಲಿ ಟಾರ್ಚು ಹಿಡಿದು ನಡೆಯುವವರಿಗೆ ಎರಡನೆಯ ದೂರವೇ ಹೆಚ್ಚು ಮುಖ್ಯ.

ಈ ದೂರ ಟಾಹೋದಲ್ಲಿ ಹೆಚ್ಚು ಬದಲಾಗುವುದಿಲ್ಲ. ಸರೋವರದ ಸಹಜ ಅಂಚು 6,223 ಅಡಿ. ಟಾಹೋ ಸಿಟಿಯ ಸಣ್ಣ ಅಣೆಕಟ್ಟು ಹಿಡಿದಿಡಬಹುದಾದ ಗರಿಷ್ಠ 6,229.1 ಅಡಿ. ಏರಿಳಿತಕ್ಕೆ ಇರುವ ಜಾಗ ಆರಡಿ ಚಿಲ್ಲರೆ. ಸರೋವರದಲ್ಲಿರುವ ನೀರು ಸುಮಾರು 150 ಘನ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ 5,300 ಟಿಎಂಸಿ. 49.45 ಟಿಎಂಸಿಯ ಕೆಆರ್‌ಎಸ್ ಅನ್ನು ನೂರಕ್ಕೂ ಹೆಚ್ಚು ಸಲ ತುಂಬಬಹುದು.

ಜಲಾಶಯಗಳು ಹಾಗಲ್ಲ. ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್ ಜಲಾಶಯದ ಸಾಮರ್ಥ್ಯ ಸುಮಾರು 9.7 ಲಕ್ಷ ಎಕರೆ-ಅಡಿ, ಅಂದರೆ 42 ಟಿಎಂಸಿ. ಕೆಆರ್‌ಎಸ್‌ಗಿಂತ ತುಸು ಚಿಕ್ಕದು. 2015ರ ಬರದಲ್ಲಿ, ಡಿಸೆಂಬರಿನ ಹೊತ್ತಿಗೆ ಅದು ಶೇ. 14ಕ್ಕೆ ಇಳಿದಿತ್ತು, ಆರು ಟಿಎಂಸಿಗೂ ಕಡಿಮೆ. ಬೇಸಿಗೆಯಲ್ಲಿ ಕನ್ನಂಬಾಡಿಯ ಹಿನ್ನೀರು ಸರಿದು ಒಡೆದ ಮಣ್ಣು ಕಂಡವರಿಗೆ ಆ ನೋಟ ಹೊಸದಲ್ಲ. ಇಳಿಜಾರು ಕಡಿಮೆಯಿರುವ ದಂಡೆಯಲ್ಲಿ ಲೆಕ್ಕ ಹೀಗೆ: 20 ಅಡಿ ನಡೆದರೆ ಒಂದಡಿ ಇಳಿಯುವ ನೆಲವಾದರೆ, ನೀರು 10 ಅಡಿ ತಗ್ಗಿದಾಗ ಅಂಚು 200 ಅಡಿ ಆಚೆ ಹೋಗುತ್ತದೆ. ಜೂನಿನಲ್ಲಿ 'ದಂಡೆಯ ಸೈಟು' ಆಗಿದ್ದದ್ದು ಆಗಸ್ಟಿಗೆ ಬಯಲಿನ ಸೈಟಾಗಬಹುದು. ಕ್ಯಾಲಿಫೋರ್ನಿಯಾದ ಜಲಾಶಯಗಳ ಮಟ್ಟವನ್ನು ರಾಜ್ಯದ ಜಲಸಂಪನ್ಮೂಲ ಇಲಾಖೆ ಪ್ರತಿದಿನ ಪ್ರಕಟಿಸುತ್ತದೆ. ಹೊರಡುವ ವಾರ ಒಮ್ಮೆ ನೋಡಿ.

ಹಾಗೆಂದು ಫಾಲ್ಸಮನ್ನು ತಳ್ಳಿಹಾಕುವಂತಿಲ್ಲ. ಅಲ್ಲಿನ ಬೀಲ್ಸ್ ಪಾಯಿಂಟಿನಲ್ಲಿ ಹುಕ್‌ಅಪ್ ಇರುವ ಸೈಟುಗಳಿವೆ, ದಾರಿಯಲ್ಲಿ ಘಟ್ಟವಿಲ್ಲ, ಎತ್ತರ 500 ಅಡಿಯೂ ಇಲ್ಲ. ಓಡಾಟ ಸೇರಿ 270 ಮೈಲಿ, ಸೈಟಿಗೆ ರಾತ್ರಿಗೆ 60 ಡಾಲರ್ ಎಂದುಕೊಂಡು, ಜನರೇಟರಿನ ಖರ್ಚು ಬಿಟ್ಟು, ಅದೇ ಆರ್‌ವಿ ಲೆಕ್ಕ ಹಾಕಿದರೆ ಒಟ್ಟು 1,289. ಸೈಟಿಗೆ 60 ಡಾಲರ್ ಹೆಚ್ಚು ತೆತ್ತೂ ಟಾಹೋಗಿಂತ 143 ಕಡಿಮೆ, ಜೊತೆಗೆ ರಾತ್ರಿಯೆಲ್ಲ ಕರೆಂಟು. ಜುಲೈ ಹಗಲು 35 ಡಿಗ್ರಿ ಆಸುಪಾಸಿನಲ್ಲಿರುವುದರಿಂದ ಏಸಿಯಿಲ್ಲದೆ ಡೇರೆಯವರಿಗೆ ಅದು ಕಷ್ಟದ ಜಾಗ. ನನ್ನ ತೀರ್ಮಾನ ಇಷ್ಟು: ನಡುಬೇಸಿಗೆಯಲ್ಲಿ ಟಾಹೋ ಡೇರೆಯವರಿಗೆ, ತಪ್ಪಲಿನ ಜಲಾಶಯಗಳು ಆರ್‌ವಿಯವರಿಗೆ.

ನೀರಿನ ಚಳಿ

ಟಾಹೋದ ನೀರು ಆಗಸ್ಟಿನಲ್ಲೂ ಮೇಲ್ಪದರದಲ್ಲಿ 18ರಿಂದ 20 ಡಿಗ್ರಿ. ಜೂನ್ ಆರಂಭದಲ್ಲಿ ಇನ್ನೂ ತೀರಾ ಕಡಿಮೆ. 501 ಮೀಟರ್ ಆಳದ ಸರೋವರ ಬೇಗ ಬಿಸಿಯಾಗುವುದಿಲ್ಲ. ತಣ್ಣೀರಿಗೆ ಬಿದ್ದ ದೇಹ ತಕ್ಷಣ ಏದುಸಿರು ಬಿಡುತ್ತದೆ, ಆ ಉಸಿರಿಗೆ ನೀರು ಒಳಹೋದರೆ ಈಜು ಬಲ್ಲವರೂ ಮುಳುಗುತ್ತಾರೆ. 2025ರ ಜೂನ್ 21ರ ಮಧ್ಯಾಹ್ನ ಡಿ.ಎಲ್. ಬ್ಲಿಸ್ ಬಳಿ ಬಿರುಗಾಳಿಗೆ ಸಿಕ್ಕ ದೋಣಿಯೊಂದು ಮಗುಚಿ, ಅದರಲ್ಲಿದ್ದ 10 ಮಂದಿಯಲ್ಲಿ 8 ಮಂದಿ ತೀರಿಕೊಂಡರು. ಚಲಿಸುವ ಸಣ್ಣ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು ಎಂದು ಕ್ಯಾಲಿಫೋರ್ನಿಯಾ, ನೆವಾಡಾ ಎರಡೂ ಕಡೆ ಕಾನೂನಿದೆ. ದೊಡ್ಡವರೂ ತೊಡಲಿ. ನಾಲ್ಕು ಜಾಕೆಟ್ಟಿನ ಬೆಲೆ ಒಂದು ರಾತ್ರಿಯ ಆರ್‌ವಿ ಬಾಡಿಗೆಗಿಂತ ಕಡಿಮೆ.

ಬೆಂಕಿಯ ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರ ಆಗಸ್ಟ್ 14ರಂದು ಹೊತ್ತಿಕೊಂಡ ಕ್ಯಾಲ್ಡೋರ್ ಕಾಡ್ಗಿಚ್ಚು 2,21,835 ಎಕರೆ ಸುಟ್ಟಿತು; ಆಗಸ್ಟ್ 30ರಂದು ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದರು. ಹೀಗೆ ಕ್ಯಾಂಪ್‌ಗ್ರೌಂಡ್ ಮುಚ್ಚಿದರೆ ಫೆಡರಲ್ ಸೈಟುಗಳ ಹಣ ಪೂರ್ತಿ ವಾಪಸ್ಸಾಗುತ್ತದೆ. ಆರ್‌ವಿ ಬಾಡಿಗೆಯ ಕರಾರಿನಲ್ಲಿ ಆ ಮಾತು ಇದೆಯೇ ಎಂದು ಸಹಿ ಹಾಕುವ ಮೊದಲು ಓದಿ. ಜೂನಿನಲ್ಲಿ ಹೋದರೆ ನೀರು ತಣ್ಣಗೆ, ಆಕಾಶ ತಿಳಿ. ಆಗಸ್ಟಿನ ಕೊನೆಗೆ ನೀರು ಹಿತ, ಹೊಗೆಯ ಭಯ. ಜುಲೈ ಎರಡರ ನಡುವೆ ಇರುವುದರಿಂದಲೇ ಅದಕ್ಕೆ ಅಷ್ಟು ಪೈಪೋಟಿ.

ಅಪ್ಪ ಅಮ್ಮನ ಪಾಸು, ಆರು ತಿಂಗಳ ಗಡುವು

62 ವರ್ಷ ದಾಟಿದ ಅಮೆರಿಕದ ನಾಗರಿಕರಿಗೂ ಗ್ರೀನ್ ಕಾರ್ಡ್ ಹೊಂದಿರುವವರಿಗೂ ಸೀನಿಯರ್ ಪಾಸು ಸಿಗುತ್ತದೆ. ಜೀವಮಾನಕ್ಕೆ 80 ಡಾಲರ್, ಒಂದು ವರ್ಷದ್ದಕ್ಕೆ 20. ಬಹುತೇಕ ಫೆಡರಲ್ ಕ್ಯಾಂಪ್‌ಗ್ರೌಂಡುಗಳಲ್ಲಿ ಅದರ ಮೇಲೆ ಸೈಟಿನ ಬಾಡಿಗೆ ಅರ್ಧ. 40 ಡಾಲರಿನ ಸೈಟಾದರೆ ರಾತ್ರಿಗೆ 20 ಉಳಿತಾಯ, ನಾಲ್ಕೇ ರಾತ್ರಿಗೆ ಜೀವಮಾನದ ಪಾಸಿನ ಹಣ ತೀರಿತು. ಪಾಸು ಯಾರ ಹೆಸರಿನಲ್ಲಿದೆಯೋ ಅವರು ಜೊತೆಗಿರಬೇಕು. ಸ್ಟೇಟ್ ಪಾರ್ಕುಗಳಲ್ಲಿ ಇದು ನಡೆಯುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೂ ಸಿಗುವುದಿಲ್ಲ. ಇಲ್ಲೇ ನೆಲೆಸಿ ಗ್ರೀನ್ ಕಾರ್ಡ್ ಪಡೆದ ಹಿರಿಯರು ನಮ್ಮವರಲ್ಲಿ ಬೇಕಾದಷ್ಟಿದ್ದಾರೆ. ಅಂಥವರು ಪಾಸು ಮಾಡಿಸದೆ ಪೂರ್ತಿ ಬಾಡಿಗೆ ಕಟ್ಟುವುದು ಸಲ್ಲದು.

ಬುಕಿಂಗ್ ಆರು ತಿಂಗಳು ಮೊದಲು ತೆರೆಯುತ್ತದೆ. ಜುಲೈ 17ಕ್ಕೆ ಹೋಗಬೇಕಾದರೆ ಜನವರಿ 17ರ ಬೆಳಿಗ್ಗೆ ಕೂರಬೇಕು: ಪೆಸಿಫಿಕ್ ಸಮಯದಲ್ಲಿ ಫೆಡರಲ್ ಸೈಟುಗಳು 7 ಗಂಟೆಗೆ, ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳು 8 ಗಂಟೆಗೆ. ಸ್ಟೇಟ್ ಪಾರ್ಕಿನ ಒಂದು ಸೈಟಿಗೆ 8 ಜನ, ಫೆಡರಲ್ ಸೈಟುಗಳಲ್ಲಿ ಹಲವೆಡೆ 6. ಎರಡು ಮನೆಯವರು ಒಟ್ಟಿಗೆ ಹೋಗುವುದಾದರೆ ಎರಡು ಸೈಟೇ ಬೇಕು. ವಾರಾಂತ್ಯ ಬಿಡಬಲ್ಲವರಿಗೆ ದಾರಿ ಸಲೀಸು. ಮತ್ತೆ ನೆವಾಡಾ ಬೀಚ್ ಲೆಕ್ಕ: ಅದೇ ಹತ್ತು ವಾರಗಳಲ್ಲಿ ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳು 50, ಅವಕಾಶಗಳು 2,700. ಶುಕ್ರವಾರ, ಶನಿವಾರದ ಎರಡೂವರೆ ಪಟ್ಟು. ಮೂರು ದಿನ ರಜೆ ಹಾಕಿ ಭಾನುವಾರ ಹೊರಟು ಬುಧವಾರ ಮರಳಿದರೆ ರಸ್ತೆಯೂ ಖಾಲಿ, ದಂಡೆಯೂ ಖಾಲಿ.

ಬುಕ್ ಮಾಡಿದ ಮೇಲೆ ಹೋಗಲಾಗದಿದ್ದರೆ ದಯವಿಟ್ಟು ರದ್ದು ಮಾಡಿ. ಫೆಡರಲ್ ಸೈಟನ್ನು ಮೊದಲೇ ರದ್ದು ಮಾಡಿದರೆ ರದ್ದತಿ ಶುಲ್ಕ 10 ಡಾಲರ್. ಹಿಂದಿನ ದಿನ ಅಥವಾ ಅದೇ ದಿನ ಮಾಡಿದರೆ ಅದರ ಜೊತೆ ಒಂದು ರಾತ್ರಿಯ ಬಾಡಿಗೆ. ಹೇಳದೆ ಕೇಳದೆ ತಪ್ಪಿಸಿಕೊಂಡರೆ 20 ಡಾಲರ್ ಮತ್ತು ಮೊದಲ ರಾತ್ರಿಯ ಬಾಡಿಗೆ. 54 ಸೈಟಿರುವ ದಂಡೆಯಲ್ಲಿ ಒಂದು ಸೈಟು ಖಾಲಿ ಬಿದ್ದರೆ, ಆರು ತಿಂಗಳು ಕಾದೂ ಸಿಗದ ಒಂದು ಕುಟುಂಬ ಆ ರಾತ್ರಿ ಮನೆಯಲ್ಲೇ ಉಳಿಯುತ್ತದೆ. ನಿಮ್ಮ ಯೋಜನೆ ಬದಲಾದ ದಿನವೇ ಆ ಸೈಟನ್ನು ಅವರಿಗೆ ಬಿಟ್ಟುಕೊಡಿ.